ಮೀನಿನ ತೊಟ್ಟಿಯ ದೀಪ

ಗಂಡ ದೇಜಪ್ಪ ತೀರಿಕೊಂಡಾಗ ವಾರಿಜ ಅಳಲಿಲ್ಲ. ಹೆಣ ಎತ್ತುವಾಗಲೂ ಅವನು ಆಸೆಪಟ್ಟು ಸಾಕಿದ ಉಪ್ಪುನೀರಿನ ಮೀನುಗಳ ತೊಟ್ಟಿಯ ಎದುರು ಸುಮ್ಮನೆ ಕೂತಿದ್ದಳು.

"ಕಲ್ಲು ಮಾರಾಯ್ರೇ ಇವಳು. ನನ್ನ ತಮ್ಮ ಇದ್ರೂ ಒಂದೇ, ಹೋದ್ರೂ ಒಂದೇ ಇವಳಿಗೆ," ಎಂದಳು ದೇಜಪ್ಪನ ಅಕ್ಕ ಗುಲಾಬಿ, ಬಂದವರಿಗೆಲ್ಲ ಕೇಳುವ ಹಾಗೆ.

ಮರುದಿನ ವಾರಿಜಳ ಕಣ್ಣು ಕೆಂಪಾಗಿ, ನೀರು ಧಾರೆಯಾಗಿ ಇಳಿಯತೊಡಗಿತು. ಗುಲಾಬಿ ಓಡಿ ಬಂದು ತಬ್ಬಿಕೊಂಡಳು.

"ಅಳು ಮಗಾ, ಎದೆ ಹಗುರ ಆಗ್ತದೆ."

ಸಂಜೆಗೆ ರೆಪ್ಪೆ ತೆರೆಯಲೇ ಆಗದೆ ವಾರಿಜ ಪಕ್ಕದ ಮನೆಯವಳ ಕೈಹಿಡಿದು ಕಣ್ಣಿನ ಡಾಕ್ಟರ ಬಳಿ ಹೋದಳು.

"ವೆಲ್ಡಿಂಗ್ ಮಾಡುವಲ್ಲಿ ನಿಂತಿದ್ರಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ. ಮೀನಿನ ನೀರಿನ ಕ್ರಿಮಿ ಸಾಯಿಸುವ ಯುವಿ ದೀಪ ಉಂಟಲ್ಲ, ಅದರ ಮುಚ್ಚಳ ತೆಗೆದು ನೋಡಿದೆ."

"ಬರಿಗಣ್ಣಲ್ಲಿ ನೋಡಬಾರದು ಅಂತ ಯಾರೂ ಹೇಳಿರ್ಲಿಲ್ವಾ?"

"ಅವರು ಹೇಳ್ತಿದ್ರು. ಮುಚ್ಚಳ ತೆಗೆಯುವಾಗೆಲ್ಲ ನನ್ನ ಕಣ್ಣಿಗೆ ಕೈ ಅಡ್ಡ ಹಿಡೀತಿದ್ರು."

"ಹೆದರಬೇಡಿ. ಕಣ್ಣಿಗೆ ಮದ್ದು ಹಾಕಿದ್ರೆ ನಾಳೆ ನಾಡಿದ್ದರಲ್ಲಿ ನೀರು ನಿಲ್ತದೆ."

ವಾರಿಜ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

"ಉತ್ತರಕ್ರಿಯೆಗೆ ಅವರ ಕಡೆಯವರೆಲ್ಲ ಬರ್ತಾರೆ ಡಾಕ್ಟ್ರೇ, ಅದು ಮುಗಿಯುವವರೆಗೆ ಮದ್ದು ಬೇಡ."