ತಲೆಯೊಳಗಿನ ಫೋಟೋ

"ನಾರ್ಮಲ್ ಐತೆ ಅಜ್ಜಿ, ಏನೂ ತೊಂದ್ರೆ ಇಲ್ಲ" ಎಂದು ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನವನು ಹೇಳಿದ್ದೇ ತಡ, ಕೊಟ್ರವ್ವ ನಿಂತಲ್ಲೇ ಎರಡೂ ಕೈಯೆತ್ತಿ ಮುಗಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹೆಂಗಸಲ್ಲ ಅವಳು. ರಿಪೋರ್ಟಿನ ಕೊನೆಯ ಇಂಗ್ಲಿಷ್ ಸಾಲನ್ನು ಅವನಿಂದ ಎರಡು ಸಲ ಓದಿಸಿದಳು, ಮೂರನೆಯ ಸಲ ಸೊಸೆ ಚೈತ್ರಾಳಿಂದ ಓದಿಸಿದಳು. ನಾಲ್ಕು ವರ್ಷದ ಮೊಮ್ಮಗಳ ಮೆದುಳಿನ ಫೋಟೋದಲ್ಲಿ ಎಳ್ಳಷ್ಟೂ ಐಬಿಲ್ಲ!

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಕೆ.ಬಿ. ಬಡಾವಣೆಯ ಮೂಲೆಯ ಅಂಗಡಿಯಲ್ಲಿ ಅರ್ಧ ಕಿಲೋ ಪೇಡ ಕಟ್ಟಿಸಿದಳು. ಅಲ್ಲಿಂದಲೇ ಹರಿಹರದಲ್ಲಿ ತಮ್ಮ ಪಕ್ಕದ ಮನೆಯ ಸುಂಕಲಮ್ಮನಿಗೆ ಫೋನು ಹಚ್ಚಿದಳು. ಮಗುವಿಗೆ ಇಂಚರ ಎಂದು ಹೆಸರಿಟ್ಟಿದ್ದಾರೆ, ಬಾಯಲ್ಲಿ ನೋಡಿದರೆ ಒಂದು ಮಾತಿಲ್ಲ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ಓಣಿಯಲ್ಲಿ ಆಡಿಕೊಂಡವಳು ಈ ಸುಂಕಲಮ್ಮನೇ. "ಕೇಳಿದೇನೇ ಸುಂಕ್ಲಮ್ಮ? ನಮ್ಮ ಕೂಸಿನ ತಲಿ ನಾರ್ಮಲ್ ಐತಂತೆ. ನಿಂದೂ ಒಂದ್ಸಲ ಫೋಟೋ ತೆಗೆಸ್ಕ, ನೋಡಾಣ!"

ಚೈತ್ರಾ ಮಾತ್ರ ನಗಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದು ಅವಳು ಒಂದು ವರ್ಷದಿಂದ ಹೇಳುತ್ತಲೇ ಇದ್ದಳು. "ಇದರಪ್ಪನೂ ಮಾತಾಡಿದ್ದು ನಾಕು ವರ್ಷಕ್ಕೆ, ಸುಮ್ನಿರು" ಎಂದು ಪ್ರತಿಸಲವೂ ತಡೆದವಳು ಕೊಟ್ರವ್ವ. ಹೋದ ತಿಂಗಳು ಮಗುವಿಗೆ ಫಿಟ್ಸ್ ಬಂದ ಹಾಗಾದ ಮೇಲೆ ತಡೆಯಲು ಬಾಯಿ ಬರಲಿಲ್ಲ. ಈಗ ನೋಡಿದರೆ ಗೆದ್ದವಳೂ ಅವಳೇ.

ಮಕ್ಕಳ ಡಾಕ್ಟರು ರುಮಾನಾ, ಕೊಟ್ರವ್ವ ತಂದಿಟ್ಟ ಪೇಡದ ಡಬ್ಬಿಯನ್ನು ಮೇಜಿನ ತುದಿಗೆ ಸರಿಸಿ, ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ನೋಡಿದರು. ಕೆಳಗೆ ಆಡುತ್ತಿದ್ದ ಇಂಚರಳನ್ನೂ ಬಹಳ ಹೊತ್ತು ನೋಡಿದರು. ಅವಳು ಆಟದ ಕಾರನ್ನು ಮಗುಚಿ ಹಾಕಿ ಒಂದೇ ಚಕ್ರವನ್ನು ತಿರುಗಿಸುತ್ತಿದ್ದಳು.

"ಸ್ಕ್ಯಾನ್ ಚೆನ್ನಾಗೈತೆ. ಫಿಟ್ಸಿಗೆ ಕಾರಣ ಏನಾದ್ರೂ ಐತೇನೋ ಅಂತ ಮಾಡ್ಸಿದ್ದು ಅದು. ಆದ್ರೆ ಇಂಚರಂಗೆ ಆಟಿಸಂ ಐತೆ, ಅಮ್ಮ."

"ಫೋಟೋ ನಾರ್ಮಲ್ ಐತಲ್ರಿ!"

"ಆಟಿಸಂ ಈ ಫೋಟೋದಾಗ ಕಾಣಂಗಿಲ್ಲ. ಎಷ್ಟೋ ಮಕ್ಕಳ ಸ್ಕ್ಯಾನ್ ಒಟ್ಟಿಗೆ ಇಟ್ಕಂಡು ದೊಡ್ಡ ದೊಡ್ಡ ಡಾಕ್ಟ್ರು ಅದರ ಗುರುತು ಇನ್ನೂ ಹುಡುಕ್ತಾನೇ ಅದಾರೆ. ನಾವು ಮಗು ಹೆಂಗೆ ಆಡ್ತೈತೆ, ಬೇಕಾದ್ದು ಹೆಂಗೆ ಕೇಳ್ತೈತೆ ಅಂತ ನೋಡಿ ಹೇಳೋದು. ಏನಾದ್ರೂ ಬೇಕಂದ್ರೆ ಬೆರಳು ಮಾಡಿ ತೋರಿಸ್ತಾಳ?"

"ಬೆರಳು ಯಾಕ್ರಿ ಬೇಕು ಅದಕ್ಕ? ನನ್ನ ಕೈನೇ ಐತಲ್ಲ!" ಕೊಟ್ರವ್ವ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದಳು. ಇಂಥ ಪ್ರಶ್ನೆಗಾಗಿಯೇ ಕಾದು ಕೂತಿದ್ದಳು ಎನ್ನಬೇಕು. "ನೀರು ಬೇಕಂದ್ರೆ ನನ್ನ ಕೈ ಹಿಡಿದು ನಲ್ಲಿ ತಾವ ಎಳ್ಕಂಡು ಹೋಗ್ತಾಳೆ. ಮಂಡಕ್ಕಿ ಬೇಕಂದ್ರೆ ನನ್ನ ಕೈ ತಗಂಡು ಡಬ್ಬಿ ಮ್ಯಾಲೆ ಇಡ್ತಾಳೆ. ಹೆತ್ತವ್ವನ್ನ ಬಿಟ್ಟಾಳು, ನನ್ನ ಕೈ ಬಿಡಂಗಿಲ್ಲ. ಇಷ್ಟು ಹಚ್ಕಂಡಿರೋ ಕೂಸಿಗೆ ಹಿಂಗಂತೀರಲ್ಲ!" ಹೆತ್ತವ್ವ ಎನ್ನುವಾಗ ಸೊಸೆಯ ಕಡೆ ಒಂದು ನೋಟ ಹಾಯಿಸುವುದನ್ನೂ ಮರೆಯಲಿಲ್ಲ.

ಬರೆಯುತ್ತಿದ್ದ ಡಾಕ್ಟರ ಪೆನ್ನು ನಿಂತಿತು. "ಹಂಗೆ ಕೈ ಹಿಡಿದಾಗ ನಿಮ್ಮ ಮುಖ ನೋಡ್ತಾಳ ಅಮ್ಮ?"

ನೋಡದೆ ಏನು ಎನ್ನಲು ಕೊಟ್ರವ್ವ ಬಾಯಿ ತೆರೆದಳು. ನಲ್ಲಿಯ ಹತ್ತಿರ, ಮಂಡಕ್ಕಿ ಡಬ್ಬಿಯ ಹತ್ತಿರ, ಬಾಗಿಲ ಅಗುಳಿಯ ಹತ್ತಿರ, ಎಲ್ಲ ಕಡೆ ನೆನಪಿನಲ್ಲೇ ಹುಡುಕಿದಳು. ನೆನಪಿಗೆ ಬಂದದ್ದು ತಾನೇ ದಿನಾ ಎಣ್ಣೆ ಹಚ್ಚಿ ಬಾಚಿದ ಬೈತಲೆ. ತನ್ನತ್ತ ಎತ್ತಿದ ಮುಖ ಎಲ್ಲೂ ಇರಲಿಲ್ಲ.

"ಪ್ರೀತಿ ಇಲ್ಲ ಅಂತ ಅಲ್ಲ, ಹಂಗೆ ತಿಳ್ಕಬ್ಯಾಡ್ರಿ" ಎಂದರು ಡಾಕ್ಟರು. "ಆದ್ರೆ ಹಂಗೆ ಕೈ ಎಳ್ಕಂಡು ಹೋಗೋದೂ ನಾವು ನೋಡೋ ಗುರುತುಗಳಾಗ ಒಂದು. ಯಾವಾಗಿಂದ ಹಿಂಗೆ?"

"ಎರಡೂವರೆ ವರ್ಷ ಆತು" ಎಂದಳು ಚೈತ್ರಾ. ಅತ್ತೆಯ ಕಡೆ ತಿರುಗಲೂ ಇಲ್ಲ. ತಿರುಗಿ ನಾಲ್ಕು ಮಾತು ಬೈದಿದ್ದರೂ ವಾಸಿಯಿತ್ತು.

ಅಷ್ಟರಲ್ಲಿ ಇಂಚರ ಎದ್ದು ಬಂದಳು. ಪೇಡದ ವಾಸನೆ ಹತ್ತಿರಬೇಕು. ರೂಢಿಯ ಹಾಗೆ ಅಜ್ಜಿಯ ಮುಂಗೈ ಹಿಡಿದು ಎಳೆದಳು, ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು. ಕೊಟ್ರವ್ವನ ಕೈಯಲ್ಲಿ ಚಲನೆಯೇ ಇಲ್ಲ. ಮೊದಲ ಸಲ ಅವಳು ಮಗುವಿನ ಮುಖವನ್ನೇ ನೋಡುತ್ತಿದ್ದಳು. ಮಗು ಕೈಯನ್ನು ನೋಡುತ್ತಿತ್ತು. ಇನ್ನೊಮ್ಮೆ ಎತ್ತಿ ಇಟ್ಟಿತು. ಮುಚ್ಚಳ ತೆರೆಯಲಿಲ್ಲ. ಆಗ ಇಂಚರ ಅಜ್ಜಿಯ ಕೈಯನ್ನು ಅಲ್ಲೇ ಬಿಟ್ಟು, ಹಿಂದೆಂದೂ ಮುಟ್ಟದ ಡಾಕ್ಟರ ಕೈಯನ್ನು ಹಿಡಿದು ತಂದು ಡಬ್ಬಿಯ ಮೇಲೆ ಇಟ್ಟಳು.

ಮುಚ್ಚಳ ತೆರೆಯಿತು. ಕೊಟ್ರವ್ವ ಬೆಳಕಿನ ಹಲಗೆಯ ಕಡೆ ತಿರುಗಿದಳು. ಅಲ್ಲಿ ಸಾಲುಸಾಲಾಗಿ ಮೊಮ್ಮಗಳ ತಲೆ, ಕಪ್ಪು ಬಿಳುಪಿನಲ್ಲಿ.

"ಡಾಕ್ಟ್ರಮ್ಮ," ಎಂದಳು. "ಅದರಾಗ ನಾನು ಎಲ್ಲೂ ಇಲ್ಲೇನ್ರಿ?"

ಇಂಚರ ಪೇಡ ಹಿಡಿದು ನೆಲದಲ್ಲಿ ಕುಳಿತಳು. ಅವ್ವನ ಕಾಲು ಬಿಟ್ಟು, ಅಜ್ಜಿಯ ಕಾಲಿಗೆ ಬೆನ್ನು ಒರಗಿಸಿ ತಿನ್ನತೊಡಗಿದಳು. ಕೊಟ್ರವ್ವ ಇನ್ನೂ ಫಿಲ್ಮಿನಲ್ಲೇ ಹುಡುಕುತ್ತಿದ್ದಳು.