ಎರಡು ಪಾಲು

"ಕೀಳಬೇಡಿ ಅಂದೆನಲ್ಲಮ್ಮಾ!" ಕೆಂಡದ ಹಿಂದಿನಿಂದ ಅಂಗಡಿಯ ಯಜಮಾನ ಗುಡುಗಿದಾಗ, ಕಿನುಯೊ ಸುಟ್ಟ ಕೋಳಿಮಾಂಸವನ್ನು ಬಿದಿರು ಕಡ್ಡಿಯಿಂದ ತಟ್ಟೆಗೆ ಜಾರಿಸುತ್ತಿದ್ದಳು. "ಬೆಳಗಿನಿಂದ ಕೂತು ಒಂದೊಂದೇ ತುಂಡು ಪೋಣಿಸಿದ್ದೀನಿ. ಕಿತ್ತರೆ ರಸ ಸೋರಿ ಆರಿಹೋಗುತ್ತೆ. ಊರು ನೋಡೋಕೆ ಒಬ್ಬರೇ ಬಂದಿದ್ದೀರಿ, ಯಾರಿಗೆ ಪಾಲು ಹಾಕ್ತಿದ್ದೀರಿ?"

"ಬಿಡಿ ಯಜಮಾನ್ರೇ, ಆ ಕೋಳೀನೇ ಸುಮ್ಮನಿದೆ, ನಿಮಗೇನು ಉರಿ?" ಎಂದ ಬಲಗಡೆ ಕುಡಿಯುತ್ತಿದ್ದ ಮುದುಕ.

ಕಿನುಯೊ ತಟ್ಟೆ ನೋಡಿಕೊಂಡಳು. ನಿಜ, ಎರಡು ಪಾಲಾಗಿತ್ತು. ಮೆತ್ತನೆಯ ತುಂಡುಗಳೆಲ್ಲ ಎಡಕ್ಕಿದ್ದವು. ಪ್ರತಿ ವರ್ಷ ಈ ಹಕಾತಾ ಪಟ್ಟಣಕ್ಕೆ ಜೊತೆಯಲ್ಲಿ ಬರುತ್ತಿದ್ದ ಅಕ್ಕನಿಗೆ ಕೈನಡುಕ, ಕಡ್ಡಿ ಹಿಡಿಯಲಾಗುತ್ತಿರಲಿಲ್ಲ; ಕಿನುಯೊಳೇ ಬಿಡಿಸಿ ಕೊಡುತ್ತಿದ್ದಳು. ಅಕ್ಕ ಸತ್ತು ಒಂದು ಚಳಿಗಾಲ ಕಳೆದಿತ್ತು. ತನ್ನ ಈ ಹಾಳು ಕೈಗೆ ಮಾತ್ರ ಅದು ಇನ್ನೂ ಗೊತ್ತಾಗಿರಲಿಲ್ಲ.

"ಅಕ್ಕನಿಗೆ," ಎಂದಳು.

ಯಜಮಾನ ಅವಳ ಎಡಗಡೆಯ ಖಾಲಿ ಸ್ಟೂಲನ್ನು ನೋಡಿದ. ಕೆಂಡದ ಮೇಲಿಂದ ಇನ್ನೊಂದು ಕಡ್ಡಿ ತೆಗೆದು ಅವಳ ಕೈಗೇ ಕೊಟ್ಟ. "ಇದನ್ನ ಬಿಸಿಬಿಸಿ ಕಚ್ಚಿ ತಿನ್ನಿ."

ಕಚ್ಚಿದಳು. ಕೊಬ್ಬು ನಾಲಿಗೆ ಸುಟ್ಟಿತು. ಅಷ್ಟು ವರ್ಷ ಅಕ್ಕನೂ ತಾನೂ ಆರಿದ್ದನ್ನೇ ತಿಂದಿದ್ದರು. "ಅಕ್ಕಾ, ಬಿಸಿಯದ್ದೇ ರುಚಿ ಕಣೇ" ಅನ್ನಲು ಬಾಯಿ ತೆರೆದು ಎಡಕ್ಕೆ ತಿರುಗಿದಳು.