ಹೆಂಡದಂಗಡಿಯ ಕಂಬ

"ಇಲ್ಲೊಂದು ಕಂಬ ಇತ್ತಲ್ಲ ಸಾ, ಅದೆಲ್ಲದೆ?"

ಬಾರಿನ ಗಲ್ಲಾದಲ್ಲಿ ಕೂತಿದ್ದ ಯುವಕ ತಲೆ ಎತ್ತಿದ. ಎದುರಿಗೆ ಧನಗೆರೆಯ ಸುವರ್ಣಮ್ಮ ನಿಂತಿದ್ದಳು. ಕೈಯಲ್ಲಿ ಗಂಡನ ಪಂಚೆಯಿಂದ ಹರಿದ ಗೇಣುದ್ದದ ಬಟ್ಟೆ. ಗಂಡ ನಿಂಗಯ್ಯ ರಸ್ತೆಯ ಆಚೆ ಬದಿಯ ಕಟಿಂಗ್ ಶಾಪಿನಲ್ಲಿ ಗಡ್ಡ ಬೋಳಿಸಿಕೊಳ್ಳಲು ಕೂತಿದ್ದ. ಅವನು ಎದ್ದು ಬರುವುದರೊಳಗೆ ಅವಳ ಕೆಲಸ ಆಗಬೇಕಿತ್ತು.

"ಯಾವ ಕಂಬಮ್ಮ? ಕರೆಂಟ್ ಕಂಬಾನಾ?"

ಅವನನ್ನು ಬೈದು ಫಲವಿಲ್ಲ, ಕೊಳ್ಳೇಗಾಲಕ್ಕೆ ಬಂದದ್ದೇ ಮೊನ್ನೆ ಮೊನ್ನೆ. ಈ ಮೂರಂತಸ್ತಿನ ಕಾಂಪ್ಲೆಕ್ಸ್ ಏಳುವ ಮುಂಚೆ ಇಲ್ಲಿ ಮಾದಣ್ಣನ ಹೆಂಡದಂಗಡಿ ಇತ್ತು. ಅವನ ತಾತ ಇಟ್ಟ ಅಂಗಡಿ. ನಾಡಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ, ಬಾಗಿಲ ಪಕ್ಕ ಒಂದು ಮರದ ಕಂಬ. ಮನೆಯಲ್ಲಿ ಕಾಯಿಲೆಯೋ ಬಾಣಂತನವೋ ಇದ್ದರೆ ಹೆಂಡತಿಯಾದವಳು ಗಂಡನ ಪಂಚೆಯ ಅಂಚು ಹರಿದು ತಂದು ಆ ಕಂಬಕ್ಕೆ ಕಟ್ಟುತ್ತಿದ್ದಳು. ಗಂಡನ ಹೆಸರು ಹೇಳಲು ನಾಚಿಕೊಂಡು, ಮಗುವಿನ ಹೆಸರು ಹೇಳಿ "ಅವ್ರಪ್ಪಂದು" ಎಂದು ಹೊರಟುಬಿಡುತ್ತಿದ್ದಳು. ಅವಳೇ ಬಂದು ಬಿಚ್ಚುವ ತನಕ ಆ ಗಂಡಸಿಗೆ ಅಲ್ಲಿ ಒಂದು ತೊಟ್ಟೂ ಇಲ್ಲ. ಎಂಥ ಪುಂಡನೂ ಕಂಬ ನೋಡಿದವನೇ "ಥತ್, ಕಟ್ಬುಟ್ಟವ್ಳೆ" ಎಂದು ಗೊಣಗಿ ಬಂದ ದಾರಿ ಹಿಡಿಯುತ್ತಿದ್ದ. ಮಾದಣ್ಣನ ಹತ್ತಿರ ಜಗಳ ತೆಗೆದವನನ್ನು ಯಾರೂ ನೋಡಿಲ್ಲ.

ರಸ್ತೆ ಅಗಲ ಮಾಡಲು ತೊಂಬತ್ತೈದರಲ್ಲಿ ಬುಲ್ಡೋಜರ್ ಬಂದಾಗ ಇದೇ ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಈಡುಗಾಯಿ ಹೊಡೆದರು. ಸುವರ್ಣಮ್ಮನೂ ಒಂದು ಕಾಯಿ ಹೊಡೆದಳು. ಪೀಡೆ ತೊಲಗಿತು ಎಂದು ಅವತ್ತು ನಕ್ಕಿದ್ದೇ ನಕ್ಕಿದ್ದು. ಅಂಗಡಿಯ ಜೊತೆ ಕಂಬವೂ ಹೋಗುತ್ತದೆ ಎಂದು ಆ ಪುಣ್ಯಾತ್ಗಿತ್ತಿಯರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

"ಕಂಬ ಎಲ್ಲವ್ವ ಸಿಕ್ಕದು ಈಗ? ಯಾವ್ದೋ ಮನೆ ಒಲೆಗೆ ಓಗಿ ಬೂದಿಯಾಯ್ತು" ಎನ್ನುತ್ತ ಒಳಗಿನಿಂದ ಮಾದಣ್ಣ ಬಂದ. ಹೆಗಲ ಮೇಲೆ ಒದ್ದೆ ಬಟ್ಟೆ. ತನ್ನದೇ ಅಂಗಡಿಯಿದ್ದ ಜಾಗದಲ್ಲಿ ಈಗ ಅವನಿಗೆ ಟೇಬಲ್ ಒರೆಸುವ ಕೆಲಸ.

ಅವನನ್ನು ಕಂಡದ್ದೇ ಸುವರ್ಣಮ್ಮ ಹತ್ತಿರಕ್ಕೆ ಹೋದಳು. "ನಮ್ಮನೆಯವ್ರ ಲಿವರ್ ಓಗ್ಬುಟ್ಟದಂತೆ ಕಣಣ್ಣ. ಇನ್ನೊಂದ್ಸಲ ಕುಡುದ್ರೆ ಉಳಿಯಕ್ಕಿಲ್ಲ ಅಂತ ಮೈಸೂರ್ ಡಾಕ್ಟ್ರು ಕಡ್ಡಿ ಮುರ್ದಂಗೆ ಏಳವ್ರೆ. ಆಸ್ಪತ್ರೆಯಿಂದ ಬಂದು ವಾರಾನೂ ಆಗಿಲ್ಲ, ಗಡ್ಡದ ನೆಪ ತಕಂಡು ಪ್ಯಾಟೆಗೆ ಬಂದವ್ರೆ. ನಂಗೊತ್ತಿಲ್ವಾ?" ಎಂದವಳು ಗಲ್ಲಾದ ಕಡೆ ತಿರುಗಿ ಕೈಮುಗಿದಳು. "ಸಾ, ನೀವೇ ಇಲ್ಲ ಅಂದ್ಬುಡಿ ಸಾ."

"ನೋಡಮ್ಮ, ಕೇಳಿದೋರಿಗೆ ಇಲ್ಲ ಅನ್ನೋಕೆ ನಾನ್ಯಾರು? ನಿಮ್ಮ ಯಜಮಾನ್ರನ್ನ ನೀವು ಮನೇಲಿ ಹಿಡ್ಕೋಬೇಕು" ಎಂದು ಯುವಕ ಮೆತ್ತಗೇ ಹೇಳಿದ.

ಮಾದಣ್ಣ ತನ್ನ ಬಲಗೈ ಮುಂದೆ ಚಾಚಿದ. "ಕಟ್ಟವ್ವ, ನನ್ ಕೈಗೇ ಕಟ್ಟು. ಕಂಬ ಇಲ್ದಿದ್ರೆ ನಾನಿವ್ನಿ."

ಸುವರ್ಣಮ್ಮ ಅವನ ಮಣಿಕಟ್ಟಿಗೆ ಬಟ್ಟೆ ಸುತ್ತಿ ಎರಡು ಗಂಟು ಹಾಕಿದಳು. ಗಂಡ ಆಸ್ಪತ್ರೆ ಸೇರಿದ ದಿನದಿಂದ ಅವಳಿಗೆ ಮೊದಲ ಸಲ ಎದೆ ಹಗುರವೆನಿಸಿತು.

ನಿಂಗಯ್ಯ ರಸ್ತೆ ದಾಟಿ ಬಂದ. ಗಡ್ಡ ಹೋದ ಮುಖದಲ್ಲಿ ಮೂಳೆಗಳೇ ಕಾಣುತ್ತಿದ್ದವು. ಮಾದಣ್ಣ ಬಾಗಿಲಿಗೆ ಅಡ್ಡ ನಿಂತು ಕೈ ಎತ್ತಿ ತೋರಿಸಿದ. "ನಿಂಗ, ನಿಂಗೆ ಕಟ್ಟು ಬಿದ್ದದೆ ಕಣ್ಲಾ. ಓಗು ಮನ್ಗೆ."

ನಿಂಗಯ್ಯ ಆ ಬಟ್ಟೆ ನೋಡಿದ, ಪಕ್ಕದಲ್ಲಿ ನಿಂತ ಹೆಂಡತಿಯನ್ನು ನೋಡಿದ. "ಥತ್" ಎಂದ. ಹಳೆಯ ರೂಢಿ; ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು. ಸುವರ್ಣಮ್ಮ ಓಡಿಬಂದು ಅವನ ತೋಳು ಹಿಡಿದುಕೊಂಡಳು. "ಬಾ ಓಗವ, ಬಸ್ ಬರೋ ಒತ್ತು."

"ಸಾರ್! ಯಾಕ್ ಸಾರ್ ಹೊರಟ್ರಿ? ಒಳಗೆ ಬನ್ನಿ ಸಾರ್" ಎಂದು ಗಲ್ಲಾದ ಯುವಕ ಎದ್ದು ನಿಂತಿದ್ದ. "ಮಾದಣ್ಣ, ದಾರಿ ಬಿಡು. ಸಾರ್‌ಗೆ ಫ್ಯಾನ್ ಕೆಳಗಿನ ಟೇಬಲ್ ಒರೆಸಿಕೊಡು."

ಮಾದಣ್ಣ ಎತ್ತಿದ್ದ ಕೈ ಇಳಿಸಿದ. ಈ ವಯಸ್ಸಿನಲ್ಲಿ ಈ ಕೆಲಸವೂ ಹೋದರೆ ಅವನಿಗೆ ಬೇರೆ ಗತಿಯಿರಲಿಲ್ಲ. ಸುವರ್ಣಮ್ಮನ ಮುಖ ನೋಡದೆ ಒಳಗೆ ಹೋಗಿ ಟೇಬಲ್ ಒರೆಸತೊಡಗಿದ.

"ಬ್ಯಾಡ, ನಿನ್ ದಮ್ಮಯ್ಯ" ಎಂದಳು ಸುವರ್ಣಮ್ಮ.

ಗದ್ದೆಯ ಧಣಿಗೆ ಅವನು "ಲೇ ನಿಂಗ", ತಾಲ್ಲೂಕು ಕಛೇರಿಯಲ್ಲಿ "ಏನಯ್ಯಾ", ಆಸ್ಪತ್ರೆಯಲ್ಲಿ ಬರೀ ಮಂಚದ ನಂಬರು. ಹುಟ್ಟಿದ ಮೇಲೆ ಅವನನ್ನು ಯಾರೂ ಸಾರ್ ಎಂದು ಕರೆದಿರಲಿಲ್ಲ.

ನಿಂಗಯ್ಯ ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿದ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಒಳಗೆ ಹೋದ.